ಹಸುಗೂಸಿಗೆ ರಕ್ತ ಏರಿಸಿದ ಮೇಲೆ ಕಾಮಾಲೆ: ರಕ್ತದಿಂದ ಬಂದದ್ದು ಯಾವುದು, ಅಲ್ಲದ್ದು ಯಾವುದು

ಆಸ್ಪತ್ರೆಯಲ್ಲಿ ಮಗುವಿಗೆ ರಕ್ತ ಏರಿಸಿ ಮನೆಗೆ ಕರೆತಂದ ಮೇಲೆ ಕಣ್ಣು ಹಳದಿಯಾಗಿ ಕಂಡರೆ ಮನೆಮಂದಿಗೆಲ್ಲ ಬರುವ ಅನುಮಾನ ಒಂದೇ: ಆ ರಕ್ತದಲ್ಲೇ ಏನೋ ಇತ್ತು. ಅನುಮಾನ ಸಹಜ. ಕೆಲವೊಮ್ಮೆ ನಿಜವೂ ಹೌದು. ಆದರೆ ಎರಡನೇ ದಿನಕ್ಕೆ ಕಾಣುವ ಹಳದಿಗೂ ಮೂರನೇ ತಿಂಗಳಲ್ಲಿ ಕಾಣುವ ಹಳದಿಗೂ ಕಾರಣ ಬೇರೆ, ಪರೀಕ್ಷೆ ಬೇರೆ, ಚಿಕಿತ್ಸೆಯೂ ಬೇರೆ. ನಿಜವಾಗಿ ಸೋಂಕು ತಗುಲಿದ ಕೂಸು ಹಳದಿಯೇ ಆಗದೆ ಆರಾಮಾಗಿ ಹಾಲು ಕುಡಿದುಕೊಂಡು ಬೆಳೆಯುವುದೇ ಹೆಚ್ಚು. ಹಾಗಾಗಿ ಈ ವಿಷಯದಲ್ಲಿ ಕಣ್ಣಿನ ಬಣ್ಣವನ್ನು ನೋಡುವಷ್ಟೇ ಎಚ್ಚರದಿಂದ ತಾರೀಖನ್ನೂ ನೋಡಬೇಕು.

ಕೂಸಿಗೆ ರಕ್ತ ಏಕೆ, ಎಷ್ಟು

ಹುಟ್ಟಿದ ಮಗುವಿನ ಮೈಯಲ್ಲಿರುವ ರಕ್ತ ತೂಕದ ಪ್ರತಿ ಕಿಲೋಗೆ ಸುಮಾರು 80ರಿಂದ 90 ಮಿಲಿಲೀಟರ್. ಮೂರು ಕಿಲೋ ತೂಗುವ ಮಗುವಿನಲ್ಲಿ ಒಟ್ಟು ರಕ್ತ ಕಾಲು ಲೀಟರಿನ ಆಸುಪಾಸು. ಒಂದು ಕಿಲೋ ತೂಗುವ, ದಿನ ತುಂಬದೆ ಹುಟ್ಟಿದ ಮಗುವಿನಲ್ಲಿ ಅರ್ಧ ಲೋಟವೂ ಇರುವುದಿಲ್ಲ. ಇಷ್ಟು ಸಣ್ಣ ಕೊಡದಿಂದ ದಿನಕ್ಕೊಂದು ಮಿಲಿಲೀಟರ್ ಪರೀಕ್ಷೆಗೆಂದು ತೆಗೆದರೂ ಎರಡು ವಾರದಲ್ಲಿ ದೊಡ್ಡ ನಷ್ಟ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ರಕ್ತ ಬೇಕಾಗಲು ಇದೂ ಒಂದು ಮುಖ್ಯ ಕಾರಣ.

ಸಾಮಾನ್ಯವಾಗಿ ಕೊಡುವುದು ಇಡೀ ರಕ್ತವಲ್ಲ, ದ್ರವ ಭಾಗವಾದ ಪ್ಲಾಸ್ಮಾ ತೆಗೆದು ಉಳಿದ ಕೆಂಪು ಕಣಗಳು. ಆಸ್ಪತ್ರೆಯಲ್ಲಿ ಇದನ್ನು ಪ್ಯಾಕ್ಡ್ ಸೆಲ್ ಎನ್ನುತ್ತಾರೆ. ಪ್ರಮಾಣ ಕಿಲೋಗೆ 10ರಿಂದ 15 ಮಿಲಿಲೀಟರ್. ಅದನ್ನು ಸಿರಿಂಜ್ ಪಂಪಿನಲ್ಲಿ ಮೂರು ನಾಲ್ಕು ಗಂಟೆ ಹಿಡಿದು ನಿಧಾನವಾಗಿ ಕೊಡುತ್ತಾರೆ. ಫ್ರಿಜ್‌ನಿಂದ ಹೊರಬಂದ ರಕ್ತವನ್ನು ನಾಲ್ಕು ಗಂಟೆಯೊಳಗೆ ಮುಗಿಸಲೇಬೇಕು. ತಡವಾದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ.

ಇದಕ್ಕಿಂತ ಬಹಳ ದೊಡ್ಡ ಪ್ರಮಾಣ ಬೇಕಾಗುವುದು ರಕ್ತ ಬದಲಾವಣೆಗೆ. ತಾಯಿ ಮಗುವಿನ ರಕ್ತದ ಗುಂಪು ಹೊಂದದೆ ಮಗುವಿನ ಕೆಂಪು ಕಣಗಳು ಒಡೆದು, ಹಳದಿ ವರ್ಣಕವಾದ ಬಿಲಿರುಬಿನ್ ಮಿದುಳಿಗೆ ಹಾನಿ ಮಾಡುವ ಮಟ್ಟಕ್ಕೆ ಏರಿದಾಗ ಹೊಕ್ಕುಳ ರಕ್ತನಾಳದ ಮೂಲಕ ಸ್ವಲ್ಪ ಸ್ವಲ್ಪವಾಗಿ ಹಳೆಯ ರಕ್ತ ತೆಗೆದು ಹೊಸದನ್ನು ತುಂಬುತ್ತಾರೆ. ಒಟ್ಟು ಕಿಲೋಗೆ 160ರಿಂದ 170 ಮಿಲಿಲೀಟರ್. ಮೂರು ಕಿಲೋ ಮಗುವಿಗೆ ಅರ್ಧ ಲೀಟರ್, ಅಂದರೆ ಮಗುವಿನ ಇಡೀ ರಕ್ತದ ಎರಡರಷ್ಟು.

ಇಲ್ಲಿ ಮುಖ್ಯವಾದ ಲೆಕ್ಕ ಮಿಲಿಲೀಟರಿನದಲ್ಲ, ದಾನಿಗಳದು. ಮಗುವಿಗೆ ಒಂದು ಸಲಕ್ಕೆ 15 ಮಿಲಿಲೀಟರಿನಂತೆ ನಾಲ್ಕು ಸಲ ನಾಲ್ಕು ಬೇರೆ ಬೇರೆ ಚೀಲಗಳಿಂದ ಕೊಟ್ಟರೆ ನಾಲ್ವರು ದಾನಿಗಳ ಸಂಪರ್ಕವಾಯಿತು. ಒಬ್ಬರೇ ದಾನಿಯ ರಕ್ತವನ್ನು ಮುಚ್ಚಿದ ಕೊಳವೆಯ ಮೂಲಕ ನಾಲ್ಕು ಮರಿಚೀಲಗಳಿಗೆ ಹಂಚಿ, ಅದೇ ಮಗುವಿಗೆಂದು ಹೆಸರು ಬರೆದಿಟ್ಟು, ಬೇಕಾದಾಗ ಒಂದೊಂದೇ ಚೀಲ ಬಳಸಿದರೆ ಒಬ್ಬರೇ ದಾನಿ. ಪೀಡಿಯಾಟ್ರಿಕ್ ಬ್ಯಾಗ್ ಎಂಬ ಈ ವ್ಯವಸ್ಥೆ ಇದೆಯೇ ಎಂದು ರಕ್ತನಿಧಿಯಲ್ಲಿ ಕೇಳಬಹುದು. ಸೋಂಕಿನ ಅಪಾಯವನ್ನು ತಗ್ಗಿಸಲು ಇಷ್ಟು ಸರಳವಾದ, ಇಷ್ಟು ಪರಿಣಾಮಕಾರಿಯಾದ ಉಪಾಯ ಬೇರೆ ಕಡಿಮೆ.

ಕಾಮಾಲೆ ಬೇರೆ, ಹೆಪಟೈಟಿಸ್ ಬೇರೆ

ಹೆಪಟೈಟಿಸ್ ಎಂದರೆ ಯಕೃತ್ತಿನ ಉರಿಯೂತ. ಯಕೃತ್ತು ಎಂದರೆ ನಾವು ಲಿವರ್ ಎನ್ನುವ, ಬಲ ಪಕ್ಕೆಲುಬಿನ ಕೆಳಗಿರುವ ದೊಡ್ಡ ಅಂಗ. ಕಾಮಾಲೆ ಎಂದರೆ ರಕ್ತದಲ್ಲಿ ಬಿಲಿರುಬಿನ್ ಹೆಚ್ಚಿ ಕಣ್ಣು, ಚರ್ಮ ಹಳದಿಯಾಗುವುದು. ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂದಿಲ್ಲ.

ಹಳೆಯ ಕೆಂಪು ಕಣ ಒಡೆದಾಗ ಬಿಲಿರುಬಿನ್ ಹುಟ್ಟುತ್ತದೆ. ಯಕೃತ್ತು ಅದನ್ನು ಹಿಡಿದು, ನೀರಿನಲ್ಲಿ ಕರಗುವಂತೆ ಬದಲಿಸಿ, ಪಿತ್ತರಸದ ಜೊತೆ ಕರುಳಿಗೆ ಬಿಡುತ್ತದೆ. ಮಲಕ್ಕೆ ಹಳದಿ ಬಣ್ಣ ಬರುವುದೇ ಅದರಿಂದ. ಊರಿನ ಕೊಳಚೆನೀರು ಶುದ್ಧೀಕರಣ ಘಟಕದಂತೆ ಎಂದುಕೊಳ್ಳಿ. ಘಟಕಕ್ಕೆ ಬರುವ ನೀರೇ ವಿಪರೀತವಾದರೂ ಉಕ್ಕುತ್ತದೆ, ಘಟಕ ಕೆಟ್ಟರೂ ಉಕ್ಕುತ್ತದೆ, ಹೊರಹೋಗುವ ಕೊಳವೆ ಕಟ್ಟಿಕೊಂಡರೂ ಉಕ್ಕುತ್ತದೆ. ಬೀದಿಯಲ್ಲಿ ನಿಂತು ನೋಡುವವರಿಗೆ ಮೂರೂ ಒಂದೇ.

ಹೊರಗಿನಿಂದ ಒಂದಂತೆ ಕಾಣುವ ಈ ಮೂರರಲ್ಲಿ ಮೊದಲನೆಯದನ್ನು ಉಳಿದೆರಡರಿಂದ ಬೇರ್ಪಡಿಸುವುದು ಒಂದೇ ಒಂದು ರಕ್ತಪರೀಕ್ಷೆ: ಬಿಲಿರುಬಿನ್ ಒಟ್ಟು ಎಷ್ಟು, ಅದರಲ್ಲಿ ನೇರ ಅಥವಾ ಡೈರೆಕ್ಟ್ ಎಷ್ಟು. ಡೈರೆಕ್ಟ್ ಎಂದರೆ ಯಕೃತ್ತು ಬದಲಿಸಿಯಾದ ಮೇಲೂ ಹೊರಹೋಗದೆ ರಕ್ತಕ್ಕೆ ಮರಳಿದ ಭಾಗ. ಅದು ಡೆಸಿಲೀಟರಿಗೆ 1 ಮಿಲಿಗ್ರಾಂ ದಾಟಿದರೆ ತೊಂದರೆ ಯಕೃತ್ತಿನಲ್ಲೋ ಪಿತ್ತನಾಳದಲ್ಲೋ ಇದೆ ಎಂದರ್ಥ. ಹುಟ್ಟಿದ ಎರಡು ಮೂರನೇ ದಿನ ಬಹುಪಾಲು ಮಕ್ಕಳಲ್ಲಿ ಕಾಣಿಸಿ, ದಿನ ತುಂಬಿದ ಮಗುವಿನಲ್ಲಿ ಎರಡು ವಾರದೊಳಗೆ ಇಳಿಯುವ ಮಾಮೂಲಿ ಹಳದಿಯಲ್ಲಿ ಈ ಡೈರೆಕ್ಟ್ ಭಾಗ ಹೆಚ್ಚಿರುವುದಿಲ್ಲ.

ಮನೆಯಲ್ಲೇ ನೋಡಬಹುದಾದ ಗುರುತು ಎರಡಿವೆ. ಹಾಲು ಮಾತ್ರ ಕುಡಿಯುವ ಕೂಸಿನ ಮೂತ್ರ ನೀರಿನಂತಿರಬೇಕು. ಬಟ್ಟೆಯ ಮೇಲೆ ಅರಿಶಿನದ ಕಲೆ ಉಳಿಸಿದರೆ ಡೈರೆಕ್ಟ್ ಬಿಲಿರುಬಿನ್ ಸೋರುತ್ತಿದೆ. ಮಲ ಹಳದಿ ಅಥವಾ ಹಸಿರಿರಬೇಕು. ಸುಣ್ಣದ ಹಾಗೆ, ಅಕ್ಕಿಹಿಟ್ಟಿನ ಹಾಗೆ ಬಿಳಿಚಿಕೊಂಡಿದ್ದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ. ಎರಡರಲ್ಲಿ ಒಂದು ಕಂಡರೂ ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಬೇಕು. ರಕ್ತದಿಂದಲೇ ಬಂದಿರಬೇಕು, ನೋಡೋಣ ಎಂದು ಕಾಯುವುದು ಇಲ್ಲಿ ದೊಡ್ಡ ತಪ್ಪು. ಪಿತ್ತನಾಳವೇ ಮುಚ್ಚಿಹೋಗುವ ಬಿಲಿಯರಿ ಅಟ್ರೀಸಿಯಾ ಎಂಬ ಕಾಯಿಲೆಯೂ ಹೀಗೆಯೇ ಶುರುವಾಗುತ್ತದೆ. ಅದಕ್ಕೆ ಮಾಡುವ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಚೆನ್ನ. ತಡವಾದಷ್ಟೂ ಯಕೃತ್ತು ಉಳಿಯುವ ಆಸೆ ಕಡಿಮೆ.

ತಾರೀಖು ಏನು ಹೇಳುತ್ತದೆ

*ಮೊದಲ ಒಂದೆರಡು ದಿನ.* ಹೆಪಟೈಟಿಸ್ ಬಿ ವೈರಾಣು ಮೈ ಸೇರಿದ ಮೇಲೆ ಕಾಯಿಲೆ ತೋರಿಸಲು 30ರಿಂದ 180 ದಿನ ಬೇಕು. ಹೆಪಟೈಟಿಸ್ ಸಿಗೆ ಎರಡು ವಾರದಿಂದ ಆರು ತಿಂಗಳು. ಆದ್ದರಿಂದ ರಕ್ತ ಏರಿಸಿದ ಮರುದಿನದ ಹಳದಿ ಆ ರಕ್ತದ ವೈರಾಣುವಿನಿಂದ ಬಂದದ್ದಾಗಿರಲು ಸಾಧ್ಯವೇ ಇಲ್ಲ. ಆಗ ಕೇಳಬೇಕಾದ ಪ್ರಶ್ನೆ, ಏರಿಸಿದ ಕೆಂಪು ಕಣಗಳು ಒಡೆಯುತ್ತಿವೆಯೇ ಎಂಬುದು. ಫ್ರಿಜ್‌ನಲ್ಲಿ ವಾರಗಟ್ಟಲೆ ಇದ್ದ ರಕ್ತದಲ್ಲಿ ಒಂದಷ್ಟು ಕಣ ದುರ್ಬಲವಾಗಿದ್ದು ಮೊದಲ 24 ಗಂಟೆಯಲ್ಲೇ ನಾಶವಾಗುತ್ತವೆ. ಅದರಿಂದ ಬಿಲಿರುಬಿನ್ ಸ್ವಲ್ಪ ಏರುವುದುಂಟು. ಗುಂಪು ಹೊಂದದ ರಕ್ತ ಹೋಗಿದ್ದರೆ ಬಿರುಸಾಗಿ ಏರುತ್ತದೆ, ಮೂತ್ರ ಕೆಂಪಾಗುತ್ತದೆ. ಅದು ಕ್ಷಣವೂ ತಡಮಾಡದೆ ನೋಡಬೇಕಾದ ತುರ್ತು. ಪರಕೀಯ ವಸ್ತುಗಳ ವಿರುದ್ಧ ಹೋರಾಡುವ ಪ್ರೋಟೀನುಗಳೇ ಪ್ರತಿಕಾಯಗಳು; ನಾಲ್ಕು ತಿಂಗಳೊಳಗಿನ ಕೂಸಿನ ಮೈಯಲ್ಲಿ ಅವು ಹೆಚ್ಚಾಗಿ ತಾಯಿಯವು. ಹೊಂದಾಣಿಕೆ ನೋಡುವಾಗ ತಾಯಿಯ ರಕ್ತದ ಮಾದರಿಯನ್ನೂ ಕೇಳುವುದು ಅದಕ್ಕೇ.

*ಮೊದಲ ಕೆಲವು ವಾರ.* ಎನ್‌ಐಸಿಯುನಲ್ಲಿರುವ ಮಗುವಿಗೆ ಈ ಅವಧಿಯಲ್ಲಿ ಡೈರೆಕ್ಟ್ ಬಿಲಿರುಬಿನ್ ಏರಿದರೆ ರಕ್ತದ ವೈರಾಣುವಿಗಿಂತ ಬೇರೆ ಕಾರಣಗಳೇ ಹೆಚ್ಚು: ರಕ್ತದಲ್ಲಿ ನಂಜು ಅಂದರೆ ಸೆಪ್ಸಿಸ್, ಹುಟ್ಟುವಾಗ ಆಮ್ಲಜನಕದ ಕೊರತೆ, ಎರಡು ವಾರಕ್ಕೂ ಮೀರಿ ನರದ ಮೂಲಕವೇ ಕೊಟ್ಟ ಪೋಷಣೆ. ಮಗುವಿಗೆ ಬಾಯಿಂದ ಹಾಲು ಇಳಿಯದಿದ್ದರೆ ಪಿತ್ತ ಹರಿಯಲು ಬೇಕಾದ ಪ್ರಚೋದನೆಯೇ ಇರುವುದಿಲ್ಲ; ನಿಂತ ನೀರಿನಂತೆ ಗಟ್ಟಿಯಾಗುತ್ತದೆ. ಹಾಲು ಶುರುವಾಗಿ ಹೆಚ್ಚುತ್ತ ಹೋದಂತೆ ಹಲವು ಮಕ್ಕಳಲ್ಲಿ ಅದು ತಾನಾಗಿ ಇಳಿಯುತ್ತದೆ.

ರಕ್ತ ಬದಲಾವಣೆ ಆದ ಮಗುವಾದರೆ ಇನ್ನೊಂದನ್ನೂ ನೆನಪಿಡಬೇಕು. ಹೊಕ್ಕುಳಿನಿಂದ ಒಳಹೋದ ಕೊಳವೆಯ ತುದಿ ಯಕೃತ್ತಿನ ಮೇಲ್ಭಾಗವನ್ನು ದಾಟಿ ಹೃದಯದ ಬಳಿಯ ದೊಡ್ಡ ರಕ್ತನಾಳ ಸೇರಬೇಕು. ಅಲ್ಲಿಗೆ ಹೋಗದೆ ಯಕೃತ್ತಿನೊಳಗೇ ನಿಂತರೆ ಅಂಗಾಂಶಕ್ಕೆ ಗಾಯವಾಗಬಹುದು, ಅಥವಾ ಕರುಳಿನ ರಕ್ತವನ್ನು ಯಕೃತ್ತಿಗೆ ತರುವ ಪೋರ್ಟಲ್ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿದ್ದು ಆಗ ಗೊತ್ತಾಗದೆ, ವರ್ಷಗಳ ನಂತರ ಗುಲ್ಮ (ಸ್ಪ್ಲೀನ್) ದೊಡ್ಡದಾಗಿ ಮಗು ರಕ್ತ ವಾಂತಿ ಮಾಡಿದಾಗ ಬಯಲಾಗುವುದುಂಟು. ಇದು ರಕ್ತದ ದೋಷವಲ್ಲ, ಕೊಳವೆಯ ಜಾಗದ ದೋಷ. ಎಕ್ಸ್‌ರೇ ತೆಗೆದು ತುದಿ ಎಲ್ಲಿದೆ ಎಂದು ನೋಡುವ ಪದ್ಧತಿ ಇರುವುದು ಇದಕ್ಕಾಗಿ.

*ಮೂರರಿಂದ ಎಂಟು ವಾರ.* ಸೈಟೊಮೆಗಾಲೊ ವೈರಾಣು, ಆಸ್ಪತ್ರೆಯ ಮಾತಿನಲ್ಲಿ ಸಿಎಂವಿ, ಕಾಣಿಸಿಕೊಳ್ಳುವ ಕಾಲ. ಇದು ಬಿಳಿ ರಕ್ತಕಣಗಳೊಳಗೆ ಅಡಗಿ ಬರುತ್ತದೆ. ದಿನ ತುಂಬಿದ ಆರೋಗ್ಯವಂತ ಮಗುವಿಗೆ ಹೆಚ್ಚಿನ ತೊಂದರೆ ಇಲ್ಲ. ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿನಲ್ಲಿ ಯಕೃತ್ತು, ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್ ಕುಸಿಯಬಹುದು. ನಮ್ಮ ದೇಶದ ವಯಸ್ಕರಲ್ಲಿ ಬಹುಪಾಲು ಜನರಿಗೆ ಸಿಎಂವಿ ಯಾವಾಗಲೋ ಬಂದುಹೋಗಿರುವುದರಿಂದ ಅದು ತಗುಲದ ದಾನಿಯನ್ನು ಹುಡುಕುವುದು ಕಷ್ಟ. ಅದರ ಬದಲು ಬಿಳಿ ಕಣಗಳನ್ನು ಸೋಸಿ ತೆಗೆಯುವ ಫಿಲ್ಟರ್ ಬಳಸಿದ ರಕ್ತ ಕೊಡುತ್ತಾರೆ. ಲ್ಯೂಕೊರೆಡ್ಯೂಸ್ಡ್ ಎಂದು ಚೀಲದ ಮೇಲೆ ಬರೆದಿರುತ್ತದೆ.

*ಒಂದರಿಂದ ಆರು ತಿಂಗಳು.* ಹೆಪಟೈಟಿಸ್ ಬಿ ಮತ್ತು ಸಿ ಅವಧಿ ಇದೇ. ಏರಿಸಿದ ರಕ್ತದಿಂದ ಬಂದ ಹೆಪಟೈಟಿಸ್ ಎಂದು ಜನ ಭಯಪಡುವುದೂ ಇವೆರಡಕ್ಕೇ.

ಪರೀಕ್ಷೆ ಆದ ರಕ್ತದಲ್ಲೂ ವೈರಾಣು ಉಳಿಯುವುದು ಹೇಗೆ

ಭಾರತದಲ್ಲಿ ದಾನವಾಗಿ ಬಂದ ಪ್ರತಿ ಚೀಲಕ್ಕೂ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಹೆಪಟೈಟಿಸ್ ಸಿ ಈ ಪಟ್ಟಿಗೆ ಸೇರಿದ್ದು 2001ರಲ್ಲಿ. ಅಷ್ಟು ತಡವೇಕೆ ಎಂದರೆ ಆ ವೈರಾಣುವನ್ನು ಗುರುತಿಸಿದ್ದೇ 1989ರಲ್ಲಿ. ಅದಕ್ಕೂ ಮುಂಚೆ ರಕ್ತ ಪಡೆದವರಲ್ಲಿ ಎಯೂ ಅಲ್ಲದ ಬಿಯೂ ಅಲ್ಲದ ಹೆಪಟೈಟಿಸ್ ಒಂದು ಬರುತ್ತಿದೆ ಎಂದು ವೈದ್ಯರಿಗೆ ಗೊತ್ತಿತ್ತು, ಯಾವುದೆಂದು ಗೊತ್ತಿರಲಿಲ್ಲ. ಹಾರ್ವೆ ಆಲ್ಟರ್, ಮೈಕಲ್ ಹೌಟನ್, ಚಾರ್ಲ್ಸ್ ರೈಸ್ ಈ ಕೆಲಸಕ್ಕಾಗಿ 2020ರ ನೊಬೆಲ್ ಪಡೆದರು.

ಆ ಕುರುಡು ಅವಧಿಯಲ್ಲಿ ರಕ್ತ ಪಡೆದ ಮಕ್ಕಳು ಏನಾದರು ಎಂಬುದಕ್ಕೆ ಜರ್ಮನಿಯಿಂದ ಒಂದು ಸ್ಪಷ್ಟ ಉತ್ತರವಿದೆ. ಅಲ್ಲಿ ದಾನಿಗಳ ಪರೀಕ್ಷೆ ಶುರುವಾಗುವ ಮುನ್ನ ಹೃದಯದ ಶಸ್ತ್ರಚಿಕಿತ್ಸೆಯಾದ 458 ಮಕ್ಕಳನ್ನು ಮುಂದೆ ಪರೀಕ್ಷಿಸಿದರು. ಫಲಿತಾಂಶ 1999ರಲ್ಲಿ ಪ್ರಕಟವಾಯಿತು. 67 ಜನರಲ್ಲಿ ಹೆಪಟೈಟಿಸ್ ಸಿ ತಗುಲಿದ ಗುರುತಿತ್ತು. ಅವರಲ್ಲಿ 37 ಜನರ ರಕ್ತದಲ್ಲಿ ವೈರಾಣು ಇನ್ನೂ ಇತ್ತು. ಉಳಿದವರ ಮೈ ಅದನ್ನು ತಾನಾಗಿ ಹೊರಹಾಕಿತ್ತು. ವೈರಾಣು ಉಳಿದವರಲ್ಲೂ ಯಕೃತ್ತಿನ ಕಿಣ್ವ ಏರಿದ್ದು ಒಬ್ಬರಲ್ಲಿ ಮಾತ್ರ. ಈ ಕೊನೆಯ ಅಂಶವನ್ನು ಪಾಲಕರು ಮರೆಯಬಾರದು: ಯಕೃತ್ತಿನ ಕಿಣ್ವವಾದ ಎಸ್‌ಜಿಪಿಟಿ ಸರಿಯಾಗಿದೆ ಎಂದ ಮಾತ್ರಕ್ಕೆ ವೈರಾಣು ಇಲ್ಲ ಎಂದಲ್ಲ.

ಈಗ ಪರೀಕ್ಷೆ ಇದೆ. ಆದರೂ ಒಂದು ಕಿಂಡಿ ಉಳಿದಿದೆ. ದಾನಿಗೆ ನಿನ್ನೆ ಮೊನ್ನೆ ಸೋಂಕು ತಗುಲಿದ್ದರೆ ರಕ್ತದಲ್ಲಿ ವೈರಾಣು ಇರುತ್ತದೆ, ಆದರೆ ಪರೀಕ್ಷೆ ಹುಡುಕುವ ಗುರುತು ಇನ್ನೂ ಮೂಡಿರುವುದಿಲ್ಲ. ಇದನ್ನು ವಿಂಡೋ ಪೀರಿಯಡ್ ಎನ್ನುತ್ತಾರೆ. ಹೊಲದಲ್ಲಿ ಕಳೆಯ ಬೀಜ ಬಿದ್ದಿದೆ, ಮೊಳಕೆ ಮೇಲೆ ಬಂದಿಲ್ಲ. ಬದುವಿನ ಮೇಲೆ ನಿಂತು ನೋಡಿದವರಿಗೆ ಹೊಲ ಶುದ್ಧ. ಹೆಪಟೈಟಿಸ್ ಸಿಯಲ್ಲಿ ಪ್ರತಿಕಾಯ ಹುಡುಕುವ ಮಾಮೂಲಿ ಎಲಿಸಾ ಪರೀಕ್ಷೆಗೆ ಈ ಕಿಂಡಿ ಸುಮಾರು ಎರಡು ತಿಂಗಳು. ಬಿಯಲ್ಲಿ ವೈರಾಣುವಿನ ಹೊರಪದರದ ಪ್ರೋಟೀನನ್ನು, ಅಂದರೆ ಎಚ್‌ಬಿಎಸ್‌ಎಜಿಯನ್ನು, ಹುಡುಕುವ ಪರೀಕ್ಷೆಗೆ ಒಂದು ತಿಂಗಳಿಗೂ ಹೆಚ್ಚು.

ನ್ಯಾಟ್ ಎಂಬ ಪರೀಕ್ಷೆ ಮೊಳಕೆಗೆ ಕಾಯದೆ ಬೀಜವನ್ನೇ, ಅಂದರೆ ವೈರಾಣುವಿನ ಆನುವಂಶಿಕ ವಸ್ತುವನ್ನೇ ಹುಡುಕುತ್ತದೆ. ಸಿಯ ಕಿಂಡಿ ಅದರಿಂದ ಒಂದು ವಾರದ ಆಸುಪಾಸಿಗೆ ಇಳಿಯುತ್ತದೆ. ಬಿಯದು ಮೂರು ವಾರದ ಹತ್ತಿರ ಉಳಿಯುತ್ತದೆ, ಏಕೆಂದರೆ ಬಿ ವೈರಾಣು ಮೊದಮೊದಲು ಬಹಳ ನಿಧಾನವಾಗಿ ಹೆಚ್ಚುತ್ತದೆ. ಎಲ್ಲ ರಕ್ತನಿಧಿಗಳಲ್ಲೂ ನ್ಯಾಟ್ ಇಲ್ಲ. ಇದೆಯೇ ಎಂದು ಕೇಳುವ ಹಕ್ಕು ಪಾಲಕರಿಗಿದೆ. ಇದ್ದರೂ ಅಪಾಯ ಸೊನ್ನೆಯಾಗದು, ತೀರಾ ಕಡಿಮೆಯಾಗುತ್ತದೆ.

ಬಿಯಲ್ಲಿ ಇನ್ನೊಂದು ತೊಡಕಿದೆ. ಹಿಂದೆಂದೋ ಸೋಂಕಾಗಿ ಗುಣವಾದಂತೆ ಕಾಣುವ ಕೆಲವರ ಯಕೃತ್ತಿನಲ್ಲಿ ವೈರಾಣು ಅಡಗಿ, ರಕ್ತಕ್ಕೆ ಅಲ್ಪಸ್ವಲ್ಪ ಬರುತ್ತಿರುತ್ತದೆ; ಎಚ್‌ಬಿಎಸ್‌ಎಜಿ ಮಾತ್ರ ನೆಗೆಟಿವ್. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇದ್ದವರು ಸುಮಾರು 2.98 ಕೋಟಿ, ಸಿ ಇದ್ದವರು ಸುಮಾರು 55 ಲಕ್ಷ. ಸೋಂಕು ಇಷ್ಟು ಹರಡಿರುವ ದೇಶದಲ್ಲಿ ಪ್ರಯೋಗಾಲಯಕ್ಕಿಂತ ಮುಂಚೆ ಕೆಲಸ ಮಾಡುವ ಜರಡಿ ದಾನಿಯ ಪ್ರಾಮಾಣಿಕ ಉತ್ತರ. 12 ತಿಂಗಳೊಳಗೆ ಹಚ್ಚೆ ಹಾಕಿಸಿಕೊಂಡವರು, ಮನೆಯಲ್ಲಿ ಹೆಪಟೈಟಿಸ್ ರೋಗಿಯ ನಿಕಟ ಸಂಪರ್ಕ ಇದ್ದವರು ಕೊಡಬಾರದು ಎಂಬ ನಿಯಮ ವಿಂಡೋ ಪೀರಿಯಡ್‌ಗಾಗಿಯೇ ಇದೆ. ಹಣಕ್ಕಾಗಿ ರಕ್ತ ಮಾರುವವರು ನಿಜ ಹೇಳುವುದಿಲ್ಲ. ಸುಪ್ರೀಂ ಕೋರ್ಟ್ 1996ರ ಜನವರಿಯ ತೀರ್ಪಿನಲ್ಲಿ ಅಂಥ ದಾನವನ್ನು ನಿಲ್ಲಿಸಲು ಹೇಳಿತು. 1998ರ ಜನವರಿ 1ರಿಂದ ಅದು ನಿಷಿದ್ಧ. ಬದಲಿ ರಕ್ತ ಕೊಡಲೇಬೇಕೆಂಬ ಒತ್ತಡಕ್ಕೆ ಸಿಕ್ಕಿದ ಸಂಬಂಧಿಕರೂ ತಮ್ಮ ಹಳೆಯ ಕಾಮಾಲೆಯನ್ನು ಮುಚ್ಚಿಡಬಹುದು. ಸ್ವಯಂಪ್ರೇರಿತ ದಾನಿಗಳ ರಕ್ತ ಹೆಚ್ಚು ಸುರಕ್ಷಿತ ಎನ್ನುವುದು ಇದಕ್ಕೇ.

ಅಪ್ಪನದೋ ಮಾವನದೋ ರಕ್ತವೇ ಒಳ್ಳೆಯದಲ್ಲವೇ?

ಅಲ್ಲ. ನಮ್ಮ ಕಡೆ ಬಹಳ ಜನ ಹಾಗೆ ನಂಬಿದ್ದಾರೆ. ದಾನಿಯ ರಕ್ತದಲ್ಲಿರುವ ಜೀವಂತ ಬಿಳಿ ಕಣಗಳನ್ನು ಪರಕೀಯವೆಂದು ಗುರುತಿಸಿ ಮಗುವಿನ ಮೈ ಸಾಮಾನ್ಯವಾಗಿ ಕೊಂದುಹಾಕುತ್ತದೆ. ದಾನಿ ಹತ್ತಿರದ ರಕ್ತಸಂಬಂಧಿಯಾದರೆ ಜೀವಕೋಶದ ಗುರುತುಗಳು ಹೋಲುತ್ತವೆ. ಮಗುವಿನ ಮೈ ಅವನ್ನು ತನ್ನವೇ ಎಂದು ಬಿಟ್ಟುಕೊಳ್ಳುತ್ತದೆ. ಅವು ಮಾತ್ರ ಮಗುವನ್ನು ಪರಕೀಯವೆಂದು ಕಂಡು ಚರ್ಮ, ಕರುಳು, ಯಕೃತ್ತು, ಅಸ್ಥಿಮಜ್ಜೆಯ ಮೇಲೆ ಎರಗುತ್ತವೆ. ಕೆಲವು ದಿನಗಳಿಂದ ಒಂದು ತಿಂಗಳೊಳಗೆ ಜ್ವರ, ಮೈತುಂಬ ಕೆಂಪು ದದ್ದು, ಭೇದಿ, ಕಾಮಾಲೆ ಶುರುವಾಗುತ್ತದೆ. ಅಪರೂಪದ ಕಾಯಿಲೆ, ಆದರೆ ಬಂದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಉಳಿಯುವುದಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವ ಮನೆತನಗಳಲ್ಲಿ ಹೋಲಿಕೆ ಇನ್ನೂ ಹೆಚ್ಚು.

ಅನಿವಾರ್ಯವಾಗಿ ಸಂಬಂಧಿಕರ ರಕ್ತವನ್ನೇ ಕೊಡಬೇಕಾದರೆ ಚೀಲವನ್ನು 25 ಗ್ರೇ (ವಿಕಿರಣದ ಅಳತೆ) ವಿಕಿರಣಕ್ಕೆ ಒಡ್ಡಿ ಬಿಳಿ ಕಣಗಳನ್ನು ನಿಷ್ಕ್ರಿಯಗೊಳಿಸಬೇಕು. ಫಿಲ್ಟರ್ ಒಂದೇ ಇದಕ್ಕೆ ಸಾಲದು. ಅಪ್ಪ, ಮಾವ ಖಂಡಿತ ರಕ್ತ ಕೊಡಲಿ. ಅದು ಬೇರೆ ಮನೆಯ ರೋಗಿಗೆ ಹೋಗಲಿ, ಇವರ ಕೂಸಿಗೆ ಬೇರೆಯವರ ಚೀಲ ಬರಲಿ.

ಚಿಕ್ಕಂದಿನಲ್ಲಿ ಬಂದ ಬಿ ಏಕೆ ಹೋಗುವುದಿಲ್ಲ

ಹೆಪಟೈಟಿಸ್ ಬಿ ವೈರಾಣು ನೇರವಾಗಿ ಯಕೃತ್ತಿನ ಕೋಶವನ್ನು ಕೊಲ್ಲುವುದಿಲ್ಲ. ಸೋಂಕಾದ ಕೋಶವನ್ನು ಕೊಲ್ಲುವುದು ನಮ್ಮದೇ ರೋಗನಿರೋಧಕ ಪಡೆ. ದೊಡ್ಡವರಲ್ಲಿ ಆ ಪಡೆ ಜೋರಾಗಿ ಎರಗುತ್ತದೆ. ಕಣ್ಣು ಹಳದಿಯಾಗಿ, ವಾಂತಿ ಸುಸ್ತಾಗಿ ಮಲಗಿಸುತ್ತದೆ, ಆದರೆ ನೂರಕ್ಕೆ 95ಕ್ಕೂ ಹೆಚ್ಚು ಜನರಲ್ಲಿ ವೈರಾಣುವನ್ನು ಓಡಿಸಿಯೇ ಬಿಡುತ್ತದೆ. ಕೂಸಿನಲ್ಲಿ ಹಾಗಲ್ಲ. ಮರಿಯಿದ್ದಾಗಿನಿಂದ ಮನೆಯೊಳಗೇ ಕಂಡವನಿಗೆ ನಾಯಿ ಬೊಗಳುವುದಿಲ್ಲ. ಮೊದಲ ವರ್ಷದಲ್ಲಿ ಸೋಂಕಾದ ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಅದು ದೀರ್ಘಕಾಲ ಉಳಿಯುತ್ತದೆ. ಒಂದರಿಂದ ಐದು ವರ್ಷದವರಲ್ಲಿ ಇದು 25ರಿಂದ 50.

ಹೊರಗೆ ಏನೂ ಕಾಣದು. ಮಗು ಆಡುತ್ತದೆ, ಶಾಲೆಗೆ ಹೋಗುತ್ತದೆ. ಹತ್ತಿಪ್ಪತ್ತು ವರ್ಷಗಳಲ್ಲಿ ನಿರೋಧಕ ಪಡೆ ಎಚ್ಚೆತ್ತು ಆಗಾಗ ದಾಳಿ ಮಾಡುತ್ತ ಹೋದಂತೆ ಯಕೃತ್ತಿನಲ್ಲಿ ಗಾಯದ ಗುರುತುಗಳು ಸೇರಿಕೊಂಡು ನಾರುಗಟ್ಟುತ್ತದೆ. ಅದೇ ಸಿರೋಸಿಸ್, ಕೆಲವರಲ್ಲಿ ಮುಂದೆ ಕ್ಯಾನ್ಸರ್.

ಇದಕ್ಕೆ ಅಪವಾದವೂ ಇದೆ. ಕೆಲವು ಕೂಸುಗಳಲ್ಲಿ ಎರಡರಿಂದ ನಾಲ್ಕನೇ ತಿಂಗಳ ಸುಮಾರಿಗೆ ಯಕೃತ್ತು ಒಮ್ಮೆಲೇ ಕುಸಿಯುತ್ತದೆ. ಹೊಕ್ಕುಳಿನಲ್ಲೋ ಚುಚ್ಚಿದ ಜಾಗದಲ್ಲೋ ನಿಲ್ಲದ ರಕ್ತ, ಹಾಲಿಗೂ ಏಳದಷ್ಟು ಮಂಪರು, ಪದೇ ಪದೇ ವಾಂತಿ, ಹೊಟ್ಟೆ ಉಬ್ಬರ, ಸಕ್ಕರೆ ಇಳಿಯುವುದು ಇದರ ಲಕ್ಷಣ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ಅಳೆಯುವ ಐಎನ್‌ಆರ್ ವಿಟಮಿನ್ ಕೆ ಕೊಟ್ಟ ಮೇಲೂ 2 ದಾಟಿದ್ದರೆ, ಅಥವಾ ಮಂಪರಿನ ಜೊತೆ 1.5 ದಾಟಿದ್ದರೆ, ಅದು ಯಕೃತ್ತಿನ ವೈಫಲ್ಯ. ಮಕ್ಕಳ ಯಕೃತ್ತಿನ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಆ ದಿನವೇ ಸಾಗಿಸಬೇಕು.

ಮೊದಲ ಲಸಿಕೆ ತಪ್ಪುವುದು ಎಲ್ಲಿ

ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಸಿಗೆ ಇಲ್ಲ. ಬಿ ಲಸಿಕೆಯ ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ, ಮುಂದಿನವು 6, 10, 14ನೇ ವಾರ ಪೆಂಟಾವೇಲೆಂಟ್ ಚುಚ್ಚುಮದ್ದಿನ ಜೊತೆ, ಸರ್ಕಾರಿ ಕೇಂದ್ರಗಳಲ್ಲಿ ಉಚಿತ. 1984ರಲ್ಲಿ ದೇಶವಿಡೀ ಇದನ್ನು ಶುರು ಮಾಡಿದ ತೈವಾನಿನಲ್ಲಿ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಸ್ಪಷ್ಟವಾಗಿ ಇಳಿಯಿತು.

ಆದರೆ ರಕ್ತ ಬೇಕಾಗುವ ಮಗುವೇ ಈ ಮೊದಲ ಡೋಸ್ ತಪ್ಪಿಸಿಕೊಳ್ಳುವ ಮಗು. ಹುಟ್ಟಿದ ಕೂಡಲೇ ಎನ್‌ಐಸಿಯುಗೆ ಹೋಗುತ್ತದೆ, ತೂಕ ಕಡಿಮೆ ಎಂದು ಮುಂದೂಡುತ್ತಾರೆ, ಬಿಡುಗಡೆ ದಿನ ಯಾರಿಗೂ ನೆನಪಿರುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಹೆಪಟೈಟಿಸ್ ಬಿ ಎದುರು ತಾರೀಖು ಇದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ. ತಾಯಿಯೇ ಎಚ್‌ಬಿಎಸ್‌ಎಜಿ ಪಾಸಿಟಿವ್ ಆಗಿದ್ದರೆ ತೂಕ ಎಷ್ಟೇ ಇರಲಿ, ಲಸಿಕೆಯ ಜೊತೆ ಸಿದ್ಧ ಪ್ರತಿಕಾಯವಾದ ಎಚ್‌ಬಿಐಜಿ 0.5 ಮಿಲಿಲೀಟರನ್ನು ಇನ್ನೊಂದು ತೊಡೆಗೆ 12 ಗಂಟೆಯೊಳಗೆ ಕೊಡಬೇಕು. ಎರಡು ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಆ ಡೋಸನ್ನು ಲೆಕ್ಕಕ್ಕೆ ಹಿಡಿಯದೆ ಮುಂದೆ ಮೂರು ಡೋಸ್ ಪೂರೈಸಬೇಕು. ಕೊಟ್ಟ ರಕ್ತ ಪಾಸಿಟಿವ್ ದಾನಿಯದೆಂದು ತಡವಾಗಿ ತಿಳಿದಾಗಲೂ ಕೂಡಲೇ ಮಾಡಬೇಕಾದದ್ದು ಇದೇ ಜೋಡಿ.

ತಾಯಿಯ ಫಲಿತಾಂಶ ತಾಯಿ ಕಾರ್ಡಿನಲ್ಲಿರಬೇಕು. ಮಗುವಿನಲ್ಲಿ ಬಿ ಕಂಡಾಗ ರಕ್ತದ ಚೀಲವನ್ನು ದೂರುವ ಮೊದಲು ತಾಯಿಯನ್ನು ಪರೀಕ್ಷಿಸಲೇಬೇಕು, ಏಕೆಂದರೆ ಕೂಸಿಗೆ ಬಿ ಬರುವ ದೊಡ್ಡ ದಾರಿ ಹೆರಿಗೆಯೇ. ಮೂರನೆಯ ದಾರಿ ಸೂಜಿ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹರಡಿ ಜನ ಸತ್ತದ್ದು ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ. ಒಣಗಿದ ರಕ್ತದ ಕಲೆಯಲ್ಲೂ ಈ ವೈರಾಣು ಏಳು ದಿನ ಜೀವ ಹಿಡಿದಿರಬಲ್ಲದು.

ಯಾವ ಪರೀಕ್ಷೆ, ಯಾವ ವಯಸ್ಸಿಗೆ

ಕೂಸಿನ ವರದಿಯನ್ನು ದೊಡ್ಡವರ ವರದಿಯಂತೆ ಓದಿದರೆ ಎಡವಟ್ಟಾಗುತ್ತದೆ. ಹೆಪಟೈಟಿಸ್ ಸಿ ಪ್ರತಿಕಾಯ ಪಾಸಿಟಿವ್ ಬಂದರೆ ಅದು ತಾಯಿಯಿಂದ ಬಂದದ್ದಿರಬಹುದು. ಮಗುವಿನ ಮೈಯಲ್ಲಿ 18 ತಿಂಗಳವರೆಗೂ ಉಳಿಯುತ್ತದೆ. ಏರಿಸಿದ ಪ್ಲಾಸ್ಮಾದ ಜೊತೆ ದಾನಿಯ ಪ್ರತಿಕಾಯ ಬಂದು ಕೆಲಕಾಲ ಇರುವುದೂ ಉಂಟು. ಆದ್ದರಿಂದ ಎರಡು ತಿಂಗಳು ದಾಟಿದ ಮೇಲೆ ವೈರಾಣುವನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ ಮಾಡಿಸಬೇಕು. ಎಚ್‌ಬಿಎಸ್‌ಎಜಿ ವಿಷಯದಲ್ಲೂ ಒಂದು ಸುಳ್ಳು ಗಾಬರಿ ಇದೆ: ಬಿ ಲಸಿಕೆಯೇ ಆ ಪ್ರೋಟೀನಿನಿಂದ ಮಾಡಿದ್ದು. ಚುಚ್ಚಿದ ಮೇಲೆ ಎರಡು ಮೂರು ವಾರ ರಕ್ತದಲ್ಲಿ ಅದು ಕಾಣಬಹುದು. ಅಷ್ಟರೊಳಗೆ ಮಾಡಿದ ಪರೀಕ್ಷೆ ಪಾಸಿಟಿವ್ ಬಂದರೆ ಸ್ವಲ್ಪ ಬಿಟ್ಟು ಮತ್ತೆ ನೋಡಬೇಕು, ಅಥವಾ ವೈರಾಣುವಿನ ಡಿಎನ್‌ಎ ಪರೀಕ್ಷೆ ಮಾಡಬೇಕು.

ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೇಮಿಯಾ ಎಂಬ ಹುಟ್ಟುಕಾಯಿಲೆಯಿಂದ ಮೂರು ವಾರಕ್ಕೊಮ್ಮೆ ರಕ್ತ ಬೇಕಾಗುವ ಮಕ್ಕಳದು ಬೇರೆಯೇ ಕಥೆ. ಅವರಿಗೆ ಮೊದಲ ಚೀಲಕ್ಕೆ ಮುಂಚೆ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಎಚ್‌ಐವಿ, ಬಿ, ಸಿ ಪರೀಕ್ಷೆ ಆಗುತ್ತಿರಬೇಕು. ಮೊದಲ ಪರೀಕ್ಷೆ ಇಲ್ಲದಿದ್ದರೆ ಸೋಂಕು ಯಾವಾಗ ಬಂತೆಂದು ಮುಂದೆ ಯಾರೂ ಹೇಳಲಾರರು.

ಈ ಮಕ್ಕಳ ಯಕೃತ್ತಿಗೆ ವೈರಾಣುವಿನಷ್ಟೇ ದೊಡ್ಡ ಶತ್ರು ಕಬ್ಬಿಣ. ಒಂದು ಮಿಲಿಲೀಟರ್ ಪ್ಯಾಕ್ಡ್ ಸೆಲ್‌ನಲ್ಲಿ ಸುಮಾರು 0.7 ಮಿಲಿಗ್ರಾಂ ಕಬ್ಬಿಣ. ಹತ್ತು ಕಿಲೋ ಮಗುವಿಗೆ 150 ಮಿಲಿಲೀಟರ್ ಕೊಟ್ಟರೆ ನೂರು ಮಿಲಿಗ್ರಾಂ ಒಳಹೋಯಿತು. ದೊಡ್ಡವರ ಮೈ ಕೂಡ ದಿನಕ್ಕೆ ಹೊರಹಾಕುವುದು ಒಂದೆರಡು ಮಿಲಿಗ್ರಾಂ ಮಾತ್ರ. ಉಳಿದದ್ದೆಲ್ಲ ಮೊದಲು ಯಕೃತ್ತಿನಲ್ಲಿ ಶೇಖರವಾಗುತ್ತದೆ. 10ರಿಂದ 20 ಸಲ ರಕ್ತ ಪಡೆದ ಮೇಲೆ, ಅಥವಾ ಮೈಯಲ್ಲಿ ಕೂಡಿದ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಮಟ್ಟ 1000 ದಾಟಿದಾಗ, ಕಬ್ಬಿಣ ಇಳಿಸುವ ಔಷಧಿ ಶುರು ಮಾಡುತ್ತಾರೆ. ಅದರಲ್ಲಿ ಡಿಫೆರಾಸಿರಾಕ್ಸ್ ಮಾತ್ರೆಯೇ ಯಕೃತ್ತು, ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲದ್ದರಿಂದ ಎಸ್‌ಜಿಪಿಟಿ, ಕ್ರಿಯಾಟಿನಿನ್ ತಿಂಗಳಿಗೊಮ್ಮೆ ನೋಡಬೇಕು. ವಾಂತಿ ಭೇದಿಯಾದ ದಿನ ಕೊಡಬೇಕೇ ಬೇಡವೇ ಎಂದು ವೈದ್ಯರನ್ನು ಕೇಳಿಯೇ ಕೊಡಬೇಕು.

ಸೋಂಕು ಖಚಿತವಾದರೆ

ಹೆಪಟೈಟಿಸ್ ಸಿ ಈಗ ವಾಸಿಯಾಗುವ ಕಾಯಿಲೆ. ಮೂರು ವರ್ಷ ತುಂಬಿದ ಮೇಲೆ 8ರಿಂದ 12 ವಾರ ಬಾಯಿಂದ ಕೊಡುವ ಔಷಧಿಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಅದಕ್ಕೂ ಮೊದಲು ಗಾಬರಿಯ ಅಗತ್ಯ ಕಡಿಮೆ. ಕೆಲವರಲ್ಲಿ ವೈರಾಣು ತಾನಾಗಿ ಹೋಗಿಬಿಡುತ್ತದೆ. ಬಿಯನ್ನು ಪೂರ್ತಿ ತೆಗೆಯುವ ಔಷಧಿ ಇಲ್ಲ, ಹಿಡಿತದಲ್ಲಿಡುವವು ಇವೆ. ಕಿಣ್ವ ಏರದ ಮಗುವಿಗೆ ಔಷಧಿ ಬೇಡ, ಆರು ತಿಂಗಳಿಗೊಮ್ಮೆ ತಪಾಸಣೆ ಬೇಕು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಚಿಕಿತ್ಸೆ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ತಾಯಿಗೆ ಬಿ ಅಥವಾ ಸಿ ಇದ್ದರೂ ಎದೆಹಾಲು ನಿಲ್ಲಿಸಬೇಕಿಲ್ಲ. ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾತ್ರ ಗುಣವಾಗುವವರೆಗೆ ವೈದ್ಯರನ್ನು ಕೇಳಿ. ಸೋಂಕಿರುವ ಮಗುವನ್ನು ಎತ್ತಿಕೊಳ್ಳುವುದರಿಂದ, ಜೊತೆಗೆ ಉಣ್ಣುವುದರಿಂದ ಏನೂ ಆಗದು. ಬಿ ಇದ್ದರೆ ಮನೆಯವರೆಲ್ಲ ಲಸಿಕೆ ಹಾಕಿಸಿಕೊಳ್ಳಲಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವಾಗ ತೂಕ ನೋಡಿ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ ಎಂಬ ಲೆಕ್ಕ ಮೀರಬಾರದು. ಯಕೃತ್ತು ಕೆಟ್ಟಿದೆ ಎಂದು ಗೊತ್ತಿದ್ದರೆ ಕೇಳದೆ ಅದನ್ನೂ ಕೊಡಬಾರದು. ಕಾಮಾಲೆಗೆಂದು ಹಸುಗೂಸಿಗೆ ಬರೆ ಹಾಕಿಸುವುದು, ಕಣ್ಣಿಗೆ ಮೂಗಿಗೆ ರಸ ಬಿಡಿಸುವುದು, ಹೆಸರು ಹೇಳದ ನಾಟಿ ಪುಡಿ ತಿನ್ನಿಸುವುದು ಬೇಡವೇ ಬೇಡ. ಬರೆಯ ಗಾಯದಿಂದ ನಂಜೇರಿದರೆ ಅದೇ ಯಕೃತ್ತನ್ನು ಇನ್ನಷ್ಟು ಕೆಡಿಸುತ್ತದೆ.

ಕಾಗದ

ರಕ್ತ ಬೇಕೇಬೇಕೆ ಎಂಬ ಪ್ರಶ್ನೆ ಮೊದಲಿನದು. ಹುಟ್ಟಿದ ಮಗುವಿನ ಹೊಕ್ಕುಳ ಬಳ್ಳಿಯನ್ನು ಒಂದರಿಂದ ಮೂರು ನಿಮಿಷ ತಡೆದು ಕತ್ತರಿಸಿದರೆ ತಾಯಿಯ ಕಡೆ ಮಾಸಿನಲ್ಲಿದ್ದ ಮಗುವಿನದೇ ರಕ್ತ ಮಗುವಿಗೆ ಬರುತ್ತದೆ, ಮುಂದೆ ಚೀಲದ ಅಗತ್ಯ ಕಡಿಮೆಯಾಗುತ್ತದೆ. ಆರ್‌ಎಚ್ ನೆಗೆಟಿವ್ ತಾಯಿ ಪಾಸಿಟಿವ್ ಮಗುವನ್ನು ಹೆತ್ತ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಪಡೆದರೆ ಮುಂದಿನ ಕೂಸಿಗೆ ರಕ್ತ ಬದಲಾವಣೆಯೇ ತಪ್ಪಬಹುದು. ಒಂದು ಕಿಲೋಗಿಂತ ಕಡಿಮೆ ತೂಕದ 1,824 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಮೋಗ್ಲೋಬಿನ್ ಇನ್ನೂ ಸ್ವಲ್ಪ ಇಳಿಯುವವರೆಗೆ ಕಾದು ರಕ್ತ ಕೊಟ್ಟ ಮಕ್ಕಳು ಬೇಗ ಕೊಟ್ಟವರಿಗಿಂತ ಕೆಡಲಿಲ್ಲ. ಆದರೆ ನಿಜವಾಗಿ ಬೇಕಾದಾಗ ಹೆಪಟೈಟಿಸ್ ಭಯದಿಂದ ರಕ್ತ ಬೇಡವೆನ್ನಬಾರದು. ಕೊಡದಿದ್ದರೆ ಆಗುವ ಹಾನಿ ಗಂಟೆಗಳಲ್ಲಿ ಆಗುತ್ತದೆ.

ರಕ್ತ ಏರಿಸಿದ ದಿನವೇ ಚೀಲದ ಮೇಲಿನ ಯೂನಿಟ್ ನಂಬರ್, ರಕ್ತನಿಧಿಯ ಹೆಸರು, ಗುಂಪು, ತಾರೀಖು ಬರೆದುಕೊಳ್ಳಿ. ಚೀಟಿಯ ಫೋಟೊ ತೆಗೆದು, ಮೂಲವನ್ನು ತಾಯಿ ಕಾರ್ಡಿನ ಜೊತೆ ಇಡಿ. ಆರು ತಿಂಗಳ ಮೇಲೆ ಮಗುವಿನಲ್ಲಿ ಸೋಂಕು ಕಂಡರೆ ಆ ನಂಬರಿನಿಂದ ದಾನಿಯನ್ನು ಹುಡುಕಿ ಮತ್ತೆ ಪರೀಕ್ಷಿಸಬಹುದು, ಅದೇ ದಾನಿಯ ರಕ್ತ ಪಡೆದ ಬೇರೆಯವರನ್ನೂ ಎಚ್ಚರಿಸಬಹುದು. ಆಸ್ಪತ್ರೆಗಳು ಇಂಥದ್ದನ್ನು ವರದಿ ಮಾಡಲು 2012ರ ಡಿಸೆಂಬರಿನಿಂದ ಭಾರತೀಯ ಹೀಮೋವಿಜಿಲೆನ್ಸ್ ಕಾರ್ಯಕ್ರಮವಿದೆ. ರಕ್ತನಿಧಿ ತನ್ನ ದಾಖಲೆಗಳನ್ನು ಇಡಬೇಕಾದ ಅವಧಿ ಐದು ವರ್ಷ. ಕೂಸಿನಲ್ಲಿ ಸದ್ದಿಲ್ಲದೆ ಕೂತ ಬಿ ಅಥವಾ ಸಿ ಹೊರಬೀಳುವುದು ಅದಕ್ಕಿಂತ ತಡವಾಗಿಯೂ ಆಗಬಹುದು. ಆಗ ಉಳಿದಿರುವುದು ಮನೆಯಲ್ಲಿರುವ ಆ ಚೀಟಿ ಮಾತ್ರ.